ಸುರಪುರದ ಟೇಲರ್ ಸಾಹೇಬರು

ಯಾದಗಿರಿಯಿಂದ ಶಹಾಪುರದ ಮಾರ್ಗವಾಗಿ ಸುರಪುರಕ್ಕೆ ಹೋಗುವವರಿಗೆ ಊರು ಸಮೀಪಿಸಿದಂತೆಲ್ಲ ಬಂಡೆಗಲ್ಲಿನ ಗುಡ್ಡಗಳು ಒಂದರ ಹಿಂದೊಂದಾಗಿ ಕಾಣಿಸಿಕೊಳ್ಳುವವು. ಅಲ್ಲಿಯ ಗುಡ್ಡವೊಂದರ ಮೇಲೆ ಹಳೆಯ ಬಂಗಲೆಯೊಂದುಂಟು. ಅದಕ್ಕೆ ಟೇಲರ್ ಮಂಜಿಲ್ ಎಂದು ಹೆಸರು. ನಮ್ಮ ಶಾಲೆಯ ಹುಡುಗಿಯರನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ, ಈ ಟೇಲರ್ ಯಾರು, ಈತನು ಅಷ್ಟು ದೂರದಿಂದ ಬಂದು ಇಲ್ಲಿ ಏಕೆ ಮನೆ ಕಟ್ಟಿಸಿದನು ಎಂಬ ಪ್ರಶ್ನೆಯು ಒಬ್ಬಳಲ್ಲದಿದ್ದರೆ ಮತ್ತೊಬ್ಬಳ ಬಾಯಿಂದ ಬರುವುದು ವಾಡಿಕೆ. ಬಿಸಿಲಿನಲ್ಲಿ ನಿಂತು ಕೊಡುವ ಉತ್ತರವು ಯಾವಾಗಲೂ ಅರ್ಧವಾಗಿಯೇ ಉಳಿಯುವುದರಿಂದ, ಈ ಸಂಚಿಕೆಯಲ್ಲಿ ಅದನ್ನು ಪೂರ್ಣವಾಗಿ ಬರೆಯಬೇಕೆಂದು ಮನಸ್ಸಾಯಿತು. ಇದಕ್ಕೆ ಇನ್ನೊಂದು ಕಾರಣವೂ ಉಂಟು. ಈ ಶಾಲೆಯನ್ನು ಬಿಟ್ಟು ಹೋಗುವ ವಿದ್ಯಾರ್ಥಿನಿಯರಲ್ಲಿ ಕೆಲವರು ಕಲಬುರಗಿಗೂ ಬೆಂಗಳೂರಿಗೂ, ಅವಕಾಶ ಒದಗಿದರೆ ಕಡಲಾಚೆಗೂ ವಿದ್ಯಾರ್ಜನೆಗಾಗಿ ಹೋಗತಕ್ಕವರು. ಪರಸ್ಥಳದಲ್ಲಿ ಹೇಗೆ ಬಾಳಬೇಕು, ಏನನ್ನು ಕಲಿಯಬೇಕು, ಎಲ್ಲಿ ಎಚ್ಚರದಿಂದಿರಬೇಕು ಎಂಬುದಕ್ಕೆ ಈ ಪುರುಷರ ಜೀವನವು ಒಳ್ಳೆಯ ಪಾಠವಾಗಿದೆ. ಕೆಲವು ಕಡೆ ಅದು ಕಹಿಯಾದ ಪಾಠವೂ ಹೌದು.

ಫಿಲಿಪ್ ಮೆಡೋಸ್ ಟೇಲರ್ ಅವರು 1808ನೆಯ ಇಸವಿ ಸೆಪ್ಟೆಂಬರ್ 25ರಂದು ಇಂಗ್ಲೆಂಡಿನ ಲಿವರ್‌ಪೂಲ್ ಎಂಬ ರೇವುಪಟ್ಟಣದಲ್ಲಿ ಜನಿಸಿದರು. ಅವರ ತಂದೆಯು ವರ್ತಕರು. ವ್ಯಾಪಾರದಲ್ಲಿ ಹಾನಿಯೊದಗಿ ಸಂಸಾರವು ಕಷ್ಟಕ್ಕೆ ಬೀಳಲು, ಹಿರಿಯ ಮಗನನ್ನು ಹೆಚ್ಚು ಕಾಲ ಓದಿಸುವುದು ಅವರಿಗೆ ಅಸಾಧ್ಯವಾಯಿತು. ಆ ಸಮಯದಲ್ಲಿ ಮುಂಬಯಿಯ ವರ್ತಕರೊಬ್ಬರ ಬಳಿಯಲ್ಲಿ ಗುಮಾಸ್ತೆಯಾಗಿ ಸೇರಿದರೆ ಪ್ರಾಯಕ್ಕೆ ಬಂದ ಮೇಲೆ ವ್ಯಾಪಾರದಲ್ಲಿ ಪಾಲು ದೊರೆಯುವುದೆಂಬ ಆಶೆಯನ್ನು ಯಾರೋ ತೋರಿಸಿದರು. ಹೀಗೆ 1824ರಲ್ಲಿ, ಹದಿನೈದು ವರುಷದ ಆ ಬಾಲಕನು ಹಡಗು ಹತ್ತಿದನು. ನಮ್ಮ ಒಂಬತ್ತನೆಯ, ಹತ್ತನೆಯ ತರಗತಿಗಳಲ್ಲಿ ಕುಳಿತಿರುವ ನಿಮ್ಮ ಪ್ರಾಯವೇ ಅದು ಎಂಬುದನ್ನು ನೆನಪಿನಲ್ಲಿಡಿರಿ. ಆ ಕಾಲದಲ್ಲಿ ಸುಯೆಜ್ ಕಾಲುವೆಯಿರಲಿಲ್ಲ. ಹಡಗುಗಳು ಆಫ್ರಿಕಾ ಖಂಡವನ್ನು ಸುತ್ತಿಕೊಂಡು ಬರಲು ನಾಲ್ಕೈದು ತಿಂಗಳು ಹಿಡಿಯುತ್ತಿದ್ದವು. ತಾಯಿಗೆ ಬರೆದ ಕಾಗದಕ್ಕೆ ಉತ್ತರ ಬರಬೇಕಾದರೆ ವರುಷವೇ ಉರುಳುತ್ತಿತ್ತು.

ಮುಂಬಯಿಗೆ ಬಂದಿಳಿದಾಗ ಅವರಿಗೆ ಕಾದಿದ್ದದ್ದು ಆಶಾಭಂಗವೇ. ಅವರನ್ನು ಕರೆಯಿಸಿಕೊಂಡ ವರ್ತಕನ ಅಂಗಡಿಯೇ ಮುಳುಗುವ ಸ್ಥಿತಿಯಲ್ಲಿತ್ತು. ಪುಣ್ಯವಶದಿಂದ ಮುಂಬಯಿ ಸರಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಬಂಧುವೊಬ್ಬರು ಮನಸ್ಸು ಮಾಡಿ, ಅದೇ ವರುಷದ ಕೊನೆಯೊಳಗೆ ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ಒಂದು ಸಣ್ಣ ಅಧಿಕಾರವನ್ನು ಕೊಡಿಸಿದರು. ನಿಜಾಮರ ಸೇವೆಯು ಕುಂಪಣಿ ಸರಕಾರದ ಸೇವೆಯಲ್ಲ. ಅದರಲ್ಲಿದ್ದ ಆಂಗ್ಲರಿಗೆ ಕುಂಪಣಿಯ ಅಧಿಕಾರಿಗಳಿಗಿದ್ದ ಮಾನವೂ ಬಡ್ತಿಯೂ ಇರಲಿಲ್ಲ. ಈ ಕೊರತೆಯು ಟೇಲರ್ ಅವರನ್ನು ಬಾಳಿನುದ್ದಕ್ಕೂ ಬಾಧಿಸಿತು. ಆದರೆ ಅದೇ ಕೊರತೆಯಿಂದ ಅವರಿಗೆ ಒಂದು ಲಾಭವೂ ಆಯಿತು. ಕುಂಪಣಿಯ ಅಧಿಕಾರಿಗಳು ತಮ್ಮ ತಮ್ಮ ದಂಡಿನ ಪೇಟೆಗಳಲ್ಲಿ ಸ್ವದೇಶದ ರೀತಿಯಲ್ಲಿಯೇ ಬಾಳುತ್ತಿರಲು, ಇವರು ಹಳ್ಳಿಹಳ್ಳಿಗಳಲ್ಲಿ ಡೇರೆ ಹೊಡೆದು ಗೌಡ, ಕುಲಕರಣಿ, ರೈತ, ಬಣಜಿಗ ಎಲ್ಲರೊಡನೆ ವ್ಯವಹರಿಸಬೇಕಾಯಿತು.

ಹೊಸ ದೇಶಕ್ಕೆ ಒಗ್ಗಿಕೊಳ್ಳುವುದೆಂದರೆ ಮೊದಲು ಶರೀರವು ಒಗ್ಗಬೇಕು. ಟೇಲರ್ ಅವರನ್ನು ಚಳಿಜ್ವರವು ಪದೇ ಪದೇ ಹಿಡಿಯಿತು. ಅದು ಕೊನೆಯವರೆಗೂ ಅವರನ್ನು ಬಿಡಲಿಲ್ಲ. ಎರಡನೆಯದು ನಾಲಗೆ. ಅವರು ಹಿಂದುಸ್ತಾನಿಯನ್ನೂ ಪಾರ್ಸಿಯನ್ನೂ ಮರಾಠಿಯನ್ನೂ ಶ್ರಮಪಟ್ಟು ಕಲಿತರು. ದುಭಾಷಿಗಳ ಬಾಯಿಂದ ಕೇಳಿದ ಫಿರ್ಯಾದಿಯು ನಿಜವಾದ ಫಿರ್ಯಾದಿಯಲ್ಲವೆಂಬುದನ್ನು ಅವರು ಬಹು ಬೇಗನೆ ತಿಳಿದುಕೊಂಡರು. ಇಪ್ಪತ್ತು ವರುಷ ತುಂಬುವ ಮೊದಲೇ ಅವರಿಗೆ ಪೊಲೀಸು ಅಧಿಕಾರವು ದೊರೆತುದಕ್ಕೆ ಈ ಭಾಷಾಜ್ಞಾನವೇ ಮುಖ್ಯ ಕಾರಣವು. ಶಾಲೆಯಲ್ಲಿ ದೊರೆಯದೆ ಹೋದ ವಿದ್ಯೆಯನ್ನೆಲ್ಲ ಅವರು ತಾವಾಗಿಯೇ ಸಂಪಾದಿಸಿದರು. ಭೂಮಾಪನ, ಕಾನೂನು, ಭೂಗರ್ಭಶಾಸ್ತ್ರ, ಸಸ್ಯಶಾಸ್ತ್ರ, ಚಿತ್ರಲೇಖನ, ಕಟ್ಟಡದ ಕೆಲಸ ಇವುಗಳಲ್ಲೆಲ್ಲ ಅವರ ಗುರುಗಳೆಂದರೆ ಪುಸ್ತಕಗಳೂ ಕಣ್ಣುಗಳೂ ಮಾತ್ರವೇ. ದಖ್ಖನಿನ ದೃಶ್ಯಗಳ ಅವರ ಚಿತ್ರಸಂಪುಟವು 1837ರಲ್ಲಿ ಅಚ್ಚಾಯಿತು.

ಹೈದರಾಬಾದಿನ ಪ್ರಸಿದ್ಧ ಸಾಹುಕಾರರಾಗಿದ್ದ ವಿಲಿಯಂ ಪಾಮರ್ ಅವರ ಮಗಳಾದ ಮೇರಿಯನ್ನು ಟೇಲರ್ ಅವರು ವಿವಾಹವಾದರು. ಪಾಮರರ ತಂದೆಯು ಆಂಗ್ಲ ಸೇನಾಪತಿ, ತಾಯಿಯು ಮೊಗಲ ಮನೆತನದ ಸ್ತ್ರೀ. ಹೀಗಾಗಿ ಈ ವಿವಾಹದಿಂದ ಟೇಲರ್ ಅವರಿಗೆ ಈ ದೇಶದೊಡನೆ ರಕ್ತಸಂಬಂಧವೇ ಬೆಳೆದಂತಾಯಿತು. ಜ್ವರದಿಂದ ಬಹಳ ಬಳಲಿದ ಅವರು 1837ರಿಂದ ಮೂರು ವರುಷದ ರಜೆಯ ಮೇಲೆ ಸ್ವದೇಶಕ್ಕೆ ಹೋದರು. ದಾರಿಹೋಕರನ್ನು ಕೊರಳು ಬಿಗಿದು ಕೊಲ್ಲುತ್ತಿದ್ದ ಠಕ್ಕರನ್ನು ಕುರಿತು ಅವರು ಬರೆದ ಕಾದಂಬರಿಯು 1839ರಲ್ಲಿ ಲಂಡನ್ ನಗರದಲ್ಲಿ ಪ್ರಕಟವಾಗಿ ಅವರ ಹೆಸರನ್ನು ಒಮ್ಮೆಲೇ ಮನೆಮಾತಾಗಿಸಿತು. 1840ರಲ್ಲಿ ಟೀಪು ಸುಲ್ತಾನರನ್ನು ಕುರಿತ ಕಾದಂಬರಿಯು ಹೊರಬಿದ್ದಿತು. ಬೇಕೆಂದಿದ್ದರೆ ಕೀರ್ತಿಯೊಡನೆ ಅವರು ಅಲ್ಲಿಯೇ ನಿಲ್ಲಬಹುದಾಗಿತ್ತೇನೋ. ಆದರೆ ಅವರು ಮರಳಿ ಬಂದರು.

ಮರಳಿದವರಿಗೆ 1841ರಲ್ಲಿ ದೊರೆತ ಕೆಲಸವೇ ಸುರಪುರದ ಮೇಲ್ವಿಚಾರಣೆ. ಸುರಪುರವು ಬೇಡರ ನಾಯಕರ ಸಂಸ್ಥಾನವು. 1705ರಲ್ಲಿ ಔರಂಗಜೇಬ ಚಕ್ರವರ್ತಿಯೇ ತನ್ನ ಮುಪ್ಪಿನಲ್ಲಿ ದೊಡ್ಡ ದಂಡಿನೊಡನೆ ಬಂದು ವಾಗಿನಗೇರಿಯ ಕೋಟೆಗೆ ಮುತ್ತಿಗೆ ಹಾಕಿದನೆಂದರೆ, ಈ ನಾಯಕರ ಶೌರ್ಯವು ಎಂಥದೆಂದು ಊಹಿಸಬಹುದು. ಟೇಲರ್ ಅವರು ಬರುವ ಹೊತ್ತಿಗೆ ಸಂಸ್ಥಾನವು ಸಾಲದಲ್ಲಿ ಮುಳುಗಿತ್ತು. ಅರಸರಾದ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಅವರ ಮಗನಾದ ವೆಂಕಟಪ್ಪ ನಾಯಕರು ಏಳೆಂಟು ವರುಷದ ಬಾಲಕರು. ತಾಯಿಯಾದ ರಾಣಿ ಈಶ್ವರಮ್ಮನವರು ಬಹು ಧೈರ್ಯಶಾಲಿಯಾದ ಸ್ತ್ರೀ. ಪರದೇಶದವನೊಬ್ಬನು ಬಂದು ತನ್ನ ಮನೆಯ ಲೆಕ್ಕಪತ್ರಗಳನ್ನು ಕೇಳುವುದನ್ನು ಆಕೆಯು ಸುಮ್ಮನೆ ಸಹಿಸಲಿಲ್ಲ. ಇಬ್ಬರಿಗೂ ಅನೇಕ ವರುಷ ಜಗ್ಗಾಟ ನಡೆಯಿತು.

ಇಂಥ ಸ್ಥಳದಲ್ಲಿ ಸುಮಾರು ಹನ್ನೆರಡು ವರುಷ ಟೇಲರ್ ಅವರು ಬಾಳಿದರು. ಸುತ್ತಮುತ್ತ ತಮ್ಮ ದೇಶದವರು ಇಲ್ಲವೆನ್ನುವಷ್ಟು ವಿರಳ. ಸುರಪುರಕ್ಕೆ ಬಂದ ಕೆಲವೇ ವರುಷಗಳಲ್ಲಿ, 1844ರಲ್ಲಿ, ಪತ್ನಿಯೂ ತೀರಿಕೊಂಡರು. ಗಂಡಸು ಒಂಟಿಯಾದಾಗ ಅನ್ಯದೇಶವು ಮತ್ತಷ್ಟು ಅನ್ಯವಾಗಿ ತೋರುವುದು ಸಹಜ. ಟೇಲರ್ ಅವರು ತಮ್ಮ ದುಃಖವನ್ನು ಕೆಲಸದಲ್ಲಿ ಹೂಳಿದರು. ಭೂಮಿಯನ್ನು ಅಳೆಯಿಸಿ ಕಂದಾಯವನ್ನು ಗೊತ್ತುಪಡಿಸಿದರು, ರಸ್ತೆಗಳನ್ನು ಮಾಡಿಸಿದರು, ಹಿಂದಿನ ನಾಯಕರ ಕಾಲದ ಬೋನಾಳ ಕೆರೆಯನ್ನು ಸುಧಾರಿಸಿದರು. ಇಂದು ಆ ಕೆರೆಯು ಪಕ್ಷಿಧಾಮವಾಗಿದೆ. ಚಳಿಗಾಲದಲ್ಲಿ ದೂರದೇಶಗಳ ಹಕ್ಕಿಗಳು ಬಂದು ಇಳಿದುಕೊಳ್ಳುವುದನ್ನು ನಿಮ್ಮಲ್ಲಿ ಅನೇಕರು ನೋಡಿರುವಿರಿ. ರಾತ್ರಿಯ ಹೊತ್ತಿನಲ್ಲಿ ಅವರು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಈ ದೇಶದ ಸಮಾಚಾರಗಳನ್ನು ಬರೆದು ಕಳುಹಿಸುತ್ತಿದ್ದರು. ಬಾಲಕ ಅರಸನಿಗೆ ವಿದ್ಯಾಭ್ಯಾಸದ ಏರ್ಪಾಡನ್ನು ಮಾಡಿದರು. ತಂದೆಯಿಲ್ಲದ ಆ ಮಗುವು ಅವರನ್ನು ಅಪ್ಪಾ ಎಂದು ಕರೆಯಲಾರಂಭಿಸಿತು.

ವಿದ್ಯಾರ್ಥಿನಿಯರಾದ ನಿಮಗೆ ಅವರ ಆಡಳಿತಕ್ಕಿಂತಲೂ ಅವರ ಸಂಶೋಧನೆಯು ಹೆಚ್ಚು ಉಪಯುಕ್ತವಾದ ವಿಷಯವು. ಸಂಸ್ಥಾನದಲ್ಲಿ ಸಂಚರಿಸುತ್ತಿರುವಾಗ ಅವರ ಕಣ್ಣಿಗೆ ವಿಚಿತ್ರವಾದ ಕಲ್ಲುಗಳು ಬಿದ್ದವು. ರಾಜನ ಕೋಳೂರಿನಲ್ಲಿ ದೊಡ್ಡ ದೊಡ್ಡ ಚಪ್ಪಡಿಗಳನ್ನು ಮೂರು ಕಡೆ ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಮುಚ್ಚಿದ ಮನೆಗಳಂಥ ರಚನೆಗಳಿದ್ದವು. ಹಗರಟಗಿಯಲ್ಲಿಯೂ ಅಂಥವೇ ಇದ್ದವು. ಹಳ್ಳಿಯವರು ಅವುಗಳನ್ನು ಮೋರ್ಯರ ಮನೆಗಳೆಂದು ಕರೆಯುತ್ತಿದ್ದರು. ಬಹು ಪೂರ್ವದಲ್ಲಿ ಗೇಣುದ್ದದ ಕುಳ್ಳ ಜನರು ಅವುಗಳಲ್ಲಿ ವಾಸಿಸುತ್ತಿದ್ದರೆಂದು ಕಥೆ ಹೇಳುತ್ತಿದ್ದರು. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಬಯಲಿನ ತುಂಬ ಗುಂಡುಕಲ್ಲುಗಳನ್ನು ಸಾಲುಸಾಲಾಗಿ, ಹೊಲದಲ್ಲಿ ಬೀಜ ಬಿತ್ತಿದಂತೆ ಸಮದೂರದಲ್ಲಿ ಇಟ್ಟಿದ್ದರು. ಜೇವರ್ಗಿಯ ಬಳಿಯಲ್ಲಿ ಕಲ್ಲುಗಳ ವೃತ್ತದೊಳಗೆ ಗುಪ್ಪೆಗಳಿದ್ದವು. ದನ ಕಾಯುವವರು ಪ್ರತಿದಿನವೂ ಕಂಡು ಮರೆಯುತ್ತಿದ್ದ ಈ ಕಲ್ಲುಗಳ ಮುಂದೆ ಪರದೇಶಿಯೊಬ್ಬನು ನಿಂತು, ಇವು ಯಾರವು ಎಂದು ಕೇಳಿದನು.

ಅವರು ಕೇಳಿ ಸುಮ್ಮನಾಗಲಿಲ್ಲ. ಪ್ರತಿಯೊಂದು ಚಪ್ಪಡಿಯ ಉದ್ದಗಲಗಳನ್ನು ಅಳೆದರು, ನಕಾಶೆ ಬರೆದರು, ಹಳ್ಳಿಯವರ ಕಥೆಯನ್ನು ತಿರಸ್ಕರಿಸದೆ ಬರೆದುಕೊಂಡರು. ಆ ಕಾಲದಲ್ಲಿ ಹಳೆಯ ದಿಬ್ಬಗಳನ್ನು ಅಗೆಯುವವರು ಒಳಗಿನ ಒಡವೆಗಾಗಿ ಅಗೆದು ಮಣ್ಣನ್ನು ಚೆಲ್ಲಿಬಿಡುವುದೇ ರೂಢಿಯಾಗಿತ್ತು. ಟೇಲರ್ ಅವರು ಜೇವರ್ಗಿಯ ಗುಪ್ಪೆಗಳನ್ನು ಮೇಲಿನಿಂದ ಕೆಳಗೆ ಸೀಳಿ, ಯಾವ ಪದರದಲ್ಲಿ ಕಲ್ಲಿದೆ, ಯಾವುದರಲ್ಲಿ ಮಣ್ಣಿದೆ, ಎಲುಬುಗಳೂ ಗಡಿಗೆಗಳೂ ಕಬ್ಬಿಣದ ಆಯುಧಗಳೂ ಎಷ್ಟು ಆಳದಲ್ಲಿ ಹೇಗೆ ಮಲಗಿವೆ ಎಂಬುದನ್ನು ಚಿತ್ರದಲ್ಲಿ ತೋರಿಸಿದರು. ಸುರಪುರದ ಶಿಲಾಸಮಾಧಿಗಳನ್ನು ಕುರಿತ ಅವರ ಲೇಖನವು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿಯೂ, ಮುಂದೆ ಇನ್ನೂ ವಿಸ್ತಾರವಾದ ಲೇಖನವು 1862ರಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿಯ ಸಂಪುಟದಲ್ಲಿಯೂ ಅಚ್ಚಾದವು. ನೂರು ವರುಷಗಳ ತರುವಾಯ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಅವರು ಟೇಲರ್ ಅವರ ಈ ಪದರಚಿತ್ರಗಳನ್ನು, ಆ ಕಾಲಕ್ಕೆ ಅಪರೂಪವಾದ ಶಾಸ್ತ್ರೀಯ ಕೆಲಸವೆಂದು ಮೆಚ್ಚಿಕೊಂಡರು.

ಆದರೆ ಅಳತೆಯು ಸರಿಯಾಗಿದ್ದರೂ ಅನುಮಾನವು ತಪ್ಪಬಹುದೆಂಬುದಕ್ಕೆ ಇದೇ ಲೇಖನವು ನಿದರ್ಶನವಾಗಿದೆ. ಐರ್ಲೆಂಡಿನಲ್ಲಿಯೂ ಬ್ರಿಟನ್ನಿನಲ್ಲಿಯೂ ಇಂಥವೇ ಕಲ್ಮನೆಗಳಿರುವುದರಿಂದ, ಯುರೋಪಿನ ಕೆಲ್ಟರಿಗೆ ಬಂಧುಗಳಾದ ಸಿಥಿಯನರು ಇಲ್ಲಿಗೆ ಬಂದು ಇವುಗಳನ್ನು ಕಟ್ಟಿರಬೇಕೆಂದು ಅವರು ಭಾವಿಸಿದರು. ಪರದೇಶದಲ್ಲಿ ಹೊಸತೇನನ್ನಾದರೂ ಕಂಡ ಕೂಡಲೆ ನಮ್ಮ ಊರಿನದರಂತೆ ಇದೆ ಎನ್ನುವುದು ಮನುಷ್ಯನ ಸ್ವಭಾವ. ಇವು ದಕ್ಷಿಣ ಭಾರತದ ಕಬ್ಬಿಣಯುಗದ ಜನರು ತಮ್ಮ ಸತ್ತವರಿಗಾಗಿ ಕಟ್ಟಿದವುಗಳೆಂದು ಈಗಿನ ವಿದ್ವಾಂಸರು ನಿರ್ಣಯಿಸಿರುವರು. ವಿಭೂತಿಹಳ್ಳಿಯ ಸಾಲುಗಲ್ಲುಗಳನ್ನು ಏತಕ್ಕಾಗಿ ಇಟ್ಟರೆಂಬುದು ಇಂದಿಗೂ ಚರ್ಚೆಯಲ್ಲಿರುವ ವಿಷಯವು. ಟೇಲರ್ ಅವರ ಊಹೆಯು ಬಿದ್ದುಹೋಯಿತು. ಅವರ ಅಳತೆಗಳು ನಿಂತವು. ಪ್ರಯೋಗದ ಪುಸ್ತಕವನ್ನು ಬರೆಯುವಾಗ ಕಂಡದ್ದನ್ನು ಒಂದು ಕಡೆಯೂ ಅಂದುಕೊಂಡದ್ದನ್ನು ಇನ್ನೊಂದು ಕಡೆಯೂ ಬರೆಯಿರೆಂದು ನಾವು ನಿಮಗೆ ಹೇಳುವುದು ಇದಕ್ಕಾಗಿಯೇ.

1853ರಲ್ಲಿ ವೆಂಕಟಪ್ಪ ನಾಯಕರು ಪ್ರಾಯಕ್ಕೆ ಬರಲು ಟೇಲರ್ ಅವರು ರಾಜ್ಯವನ್ನು ಅವರಿಗೆ ಒಪ್ಪಿಸಿ ನಳದುರ್ಗದ ಸೀಮೆಯ ಅಧಿಕಾರಕ್ಕೆ ಹೋದರು. 1857ರಲ್ಲಿ ಉತ್ತರ ಹಿಂದುಸ್ತಾನದಲ್ಲಿ ದಂಗೆಯೆದ್ದಾಗ ಅವರನ್ನು ಬೇರಾರ್ ಪ್ರಾಂತಕ್ಕೆ ಕಳುಹಿಸಲಾಯಿತು. ಅಲ್ಲಿ ಅವರು ಸೈನ್ಯದ ಸಹಾಯವಿಲ್ಲದೆ ಶಾಂತಿಯನ್ನು ಕಾಪಾಡಿದರು. ಇತ್ತ ಸುರಪುರದಲ್ಲಿ, ತರುಣ ಅರಸರು ಆಂಗ್ಲರ ವಿರುದ್ಧ ಶಸ್ತ್ರವನ್ನೆತ್ತಲು ನಿಶ್ಚಯಿಸಿದರು. 1858ನೆಯ ಇಸವಿ ಫೆಬ್ರವರಿಯಲ್ಲಿ ಸುರಪುರದ ಬೇಡರಿಗೂ ಆಂಗ್ಲರ ದಂಡಿಗೂ ಯುದ್ಧವಾಯಿತು. ಕ್ಯಾಪ್ಟನ್ ನ್ಯೂಬರಿ ಎಂಬ ಅಧಿಕಾರಿಯು ಮಡಿದನು. ಇನ್ನೂ ದೊಡ್ಡ ದಂಡುಗಳು ಬರುತ್ತಿರುವುದನ್ನು ತಿಳಿದು ಅರಸರು ಹೈದರಾಬಾದಿಗೆ ಹೋದರು, ಅಲ್ಲಿ ಸೆರೆಸಿಕ್ಕಿದರು.

ಈ ಸೆರೆಮನೆಗೆ ಟೇಲರ್ ಅವರು ಹೋದರು. ತಮ್ಮನ್ನು ಅಪ್ಪಾ ಎಂದು ಕರೆದಿದ್ದ ಬಾಲಕನು ಈಗ ಮರಣದಂಡನೆಯನ್ನು ಎದುರುನೋಡುತ್ತ ಕುಳಿತಿದ್ದನು. ತನ್ನನ್ನು ಈ ಕಾರ್ಯಕ್ಕೆ ಪ್ರೇರಿಸಿದವರ ಹೆಸರುಗಳನ್ನು ಹೇಳಿದರೆ ದಯೆ ದೊರೆಯಬಹುದೆಂಬ ಸೂಚನೆಯನ್ನು ಆಂಗ್ಲ ಅಧಿಕಾರಿಗಳು ಟೇಲರ್ ಅವರ ಮೂಲಕ ತಿಳಿಸಿದರು. ನಾಯಕರು ಅದಕ್ಕೆ ಒಪ್ಪಲಿಲ್ಲ. ನಂಬಿದವರನ್ನು ಒಪ್ಪಿಸಿಕೊಟ್ಟು ಪ್ರಾಣವನ್ನುಳಿಸಿಕೊಳ್ಳುವುದು ಬೇಡರ ಕುಲಕ್ಕೆ ಸಲ್ಲದೆಂದು ಅವರು ತಿಳಿದರು. ತನ್ನನ್ನು ಕಳ್ಳನಂತೆ ನೇಣಿಗೆ ಹಾಕದೆ ತೋಪಿನ ಬಾಯಿಗೆ ಕಟ್ಟಬೇಕೆಂದು ಮಾತ್ರ ಬೇಡಿಕೊಂಡರು. ಮುಂದೆ ಮರಣದಂಡನೆಯು ರದ್ದಾಗಿ, ಕೊನೆಗೆ ನಾಲ್ಕು ವರುಷದ ಸೆರೆವಾಸವೆಂದು ಗವರ್ನರ್ ಜನರಲರಿಂದ ತೀರ್ಮಾನವಾಯಿತು. ಆದರೆ ಮದರಾಸು ಪ್ರಾಂತದ ಸೆರೆಗೆ ಒಯ್ಯುತ್ತಿರುವ ದಾರಿಯಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ನಾಯಕರು ಮೃತಪಟ್ಟರು. ಅವರಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಸುರಪುರದ ಜನರು ಅವರನ್ನು ಸ್ವಾತಂತ್ರ್ಯವೀರರೆಂದು ಇಂದಿಗೂ ಪೂಜ್ಯಭಾವದಿಂದ ನೆನೆಯುವರು; ಅದು ನ್ಯಾಯವೇ.

ಅರಸನಿಲ್ಲದ ಆ ಸಂಸ್ಥಾನದ ಆಡಳಿತಕ್ಕೆ ಟೇಲರ್ ಅವರನ್ನೇ ಮತ್ತೆ ಕಳುಹಿಸಿದರು. ಅದೇ ಬಂಗಲೆ, ಅದೇ ಗುಡ್ಡಗಳು, ಅದೇ ಜನರು, ಆದರೆ ಮಗನಿರಲಿಲ್ಲ. 1860ರಲ್ಲಿ ಸಂಸ್ಥಾನವು ನಿಜಾಮರ ರಾಜ್ಯಕ್ಕೆ ಸೇರಿಹೋಯಿತು. ಅದೇ ವರುಷ, ಆರೋಗ್ಯವು ಪೂರ್ಣವಾಗಿ ಕೆಟ್ಟಿರಲು, ಟೇಲರ್ ಅವರು ಈ ದೇಶವನ್ನು ಬಿಟ್ಟರು.

ಹದಿನೈದನೆಯ ವಯಸ್ಸಿಗೆ ಹೊರಟವರು ಐವತ್ತು ದಾಟಿದ ಮೇಲೆ ಮರಳಿದರು. ಐರ್ಲೆಂಡಿನ ಡಬ್ಲಿನ್ ನಗರದ ಬಳಿಯಲ್ಲಿ ಅವರು ಮನೆ ಮಾಡಿದರು. ಆದರೆ ಅಲ್ಲಿ ಕುಳಿತು ಅವರು ಬರೆದುದೆಲ್ಲವೂ ಈ ದೇಶವನ್ನು ಕುರಿತೇ. 1863ರಿಂದ 1872ರೊಳಗೆ ಮೂರು ದೊಡ್ಡ ಕಾದಂಬರಿಗಳು ಹೊರಬಂದವು. 1866ರಲ್ಲಿ ವಿಜಾಪುರದ ಕಟ್ಟಡಗಳನ್ನೂ ಧಾರವಾಡ ಮತ್ತು ಮೈಸೂರು ಸೀಮೆಗಳ ದೇವಾಲಯಗಳನ್ನೂ ಕುರಿತ ಛಾಯಾಚಿತ್ರಗಳ ಮಹಾಸಂಪುಟಗಳಿಗೆ ಅವರು ಚರಿತ್ರೆಯ ಭಾಗವನ್ನು ಬರೆದರು. ವಿದ್ಯಾರ್ಥಿಗಳಿಗಾಗಿ ಭಾರತದ ಇತಿಹಾಸವನ್ನೂ 1870ರಲ್ಲಿ ಪ್ರಕಟಿಸಿದರು. ವಿಜಾಪುರವನ್ನೂ ಅಹಮದನಗರವನ್ನೂ ಕಾಪಾಡಿದ ಚಾಂದಬೀಬಿಯನ್ನು ಕುರಿತ ಅವರ ಕಾದಂಬರಿಯು ಅವರು ತೀರಿಕೊಂಡ ಮೇಲೆ 1878ರಲ್ಲಿ ಬೆಳಕಿಗೆ ಬಂದಿತು. ವೃದ್ಧಾಪ್ಯದಲ್ಲಿ ಕಣ್ಣುಗಳು ಮಂದವಾಗಿದ್ದರೂ, 1875ರಲ್ಲಿ ಅವರು ಇನ್ನೊಮ್ಮೆ ಹೈದರಾಬಾದಿಗೆ ಬಂದರು. ಇಲ್ಲಿ ಜ್ವರವು ಮರುಕಳಿಸಿತು, ದೃಷ್ಟಿಯು ಹೋಯಿತು. ಸ್ವದೇಶಕ್ಕೆ ಹಿಂದಿರುಗುವ ದಾರಿಯಲ್ಲಿ, ಫ್ರಾನ್ಸಿನ ಮೆಂಟನ್ ಎಂಬಲ್ಲಿ 1876ನೆಯ ಇಸವಿ ಮೇ 13ರಂದು ಅವರು ಕಾಲವಶರಾದರು. ಹುಟ್ಟಿದ ನಾಡಿನಲ್ಲಿಯೂ ಅಲ್ಲ, ಬಾಳಿದ ನಾಡಿನಲ್ಲಿಯೂ ಅಲ್ಲ. ಎರಡರ ನಡುವಣ ಹಾದಿಯಲ್ಲಿ. ಅವರ ಆತ್ಮಕಥೆಯನ್ನು ಮಗಳಾದ ಆಲಿಸ್ ಅವರು ಸಿದ್ಧಪಡಿಸಿ ಮರುವರುಷ ಪ್ರಕಟಿಸಿದರು.

ಈ ಜೀವನದಿಂದ ನಾವು ಏನನ್ನು ಕಲಿಯೋಣ? ಅನ್ಯದೇಶದಲ್ಲಿ ಬಾಳಬೇಕಾದವರು ಮೊದಲು ಅಲ್ಲಿಯ ಮಾತನ್ನು ಕಲಿಯಬೇಕು. ಅಲ್ಲಿಯವರು ಮರೆತದ್ದನ್ನು ಆದರದಿಂದ ನೋಡಬೇಕು. ದುಃಖ ಬಂದಾಗ ಕೈಗೆ ಕೆಲಸವನ್ನು ಕೊಡಬೇಕು. ಇದು ಸುಲಭವಾಗಿ ತೋರುವ ಪಾಠವು. ಕಷ್ಟವಾದ ಪಾಠವು ಬೇರೆಯೇ ಉಂಟು. ಟೇಲರ್ ಅವರು ಈ ನೆಲವನ್ನು ಪ್ರೀತಿಸಿದರು, ಇಲ್ಲಿಯ ಬಾಲಕನನ್ನು ಮಗನಂತೆ ಕಂಡರು. ಆದರೂ ಆ ಬಾಲಕನನ್ನು ಸೆರೆಯಲ್ಲಿಟ್ಟ ಅಧಿಕಾರದ ಸೇವಕರಾಗಿಯೇ ಕಡೆಯವರೆಗೂ ಉಳಿದರು. ಪ್ರೀತಿಯಿದ್ದ ಮಾತ್ರಕ್ಕೆ ಅತಿಥಿಗೂ ಒಡೆಯನಿಗೂ ಇರುವ ಅಂತರವು ಅಳಿಸಿಹೋಗುವುದಿಲ್ಲ. ನೀವು ಯಾವ ಊರಿಗೆ ಹೋದರೂ, ನಾನು ಇಲ್ಲಿಗೆ ಕಲಿಯುವವಳಾಗಿ ಬಂದಿರುವೆನೋ ಆಳುವವಳಾಗಿ ಬಂದಿರುವೆನೋ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ.

ಕೊನೆಯದಾಗಿ ಒಂದು ಮಾತು. ಸುರಪುರದ ಈ ಕಥೆಯಲ್ಲಿ ಮೂವರು ಮುಖ್ಯರು: ಟೇಲರ್ ಸಾಹೇಬರು, ರಾಣಿ ಈಶ್ವರಮ್ಮನವರು, ವೆಂಕಟಪ್ಪ ನಾಯಕರು. ತನ್ನ ಬಾಳನ್ನು ಪುಸ್ತಕವಾಗಿ ಬರೆದು ಉಳಿಸಿದವರು ಇವರಲ್ಲಿ ಒಬ್ಬರೇ. ಸೆರೆಮನೆಯಲ್ಲಿ ಅರಸರು ಆಡಿದ ಮಾತನ್ನೂ ಅರಮನೆಯಲ್ಲಿ ರಾಣಿಯು ತೋರಿದ ಸಿಟ್ಟನ್ನೂ ನಾವು ಬಹುಮಟ್ಟಿಗೆ ಟೇಲರ್ ಅವರ ಲೇಖನಿಯಿಂದಲೇ ತಿಳಿಯಬೇಕಾಗಿದೆ. ಮಗನ ರಾಜ್ಯವನ್ನು ಕಾಯಲು ಹೆಣಗಿದ ಆ ತಾಯಿಯು ತನ್ನ ಕಥೆಯನ್ನು ತಾನೇ ಬರೆದಿದ್ದರೆ ಅದು ಎಷ್ಟು ಬೇರೆಯಾಗಿರುತ್ತಿತ್ತೋ! ಆಕೆಯ ಕಾಲದಲ್ಲಿ ಈ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆಯಿರಲಿಲ್ಲ. ನಿಮಗೆ ಉಂಟು. ಆದುದರಿಂದ ವಿದ್ಯಾರ್ಥಿನಿಯರೇ, ನಿಮ್ಮ ಊರಿನ ಕಲ್ಲುಗಳನ್ನು ನೀವೇ ಅಳೆಯಿರಿ. ನಿಮ್ಮ ಅಜ್ಜಿಯಂದಿರ ಮಾತುಗಳನ್ನು ನೀವೇ ಬರೆದಿಡಿರಿ. ನೂರು ವರುಷಗಳ ತರುವಾಯ ಈ ನಾಡನ್ನು ಕುರಿತು ತಿಳಿಯಬಯಸುವವರು ಪರದೇಶದವರ ಪುಸ್ತಕದೊಡನೆ ನಿಮ್ಮ ಪುಸ್ತಕವನ್ನೂ ತೆರೆಯುವಂತಾಗಲಿ.